ಛೇದದಲ್ಲಿ ಯಾರಿರಬೇಕು? ಸರ್ಕಾರಿ ನೆರವಿನ ಸೇವಾಸಂಸ್ಥೆಗಳ ಫಲಿತಾಂಶ ಮಾಪನ

ಧಾರ್ಮಿಕ ಸೇವಾಸಂಸ್ಥೆಗಳಿಗೆ ಸರ್ಕಾರ ಹಣ ಕೊಡಬಹುದೇ ಎಂಬ ಚರ್ಚೆ ಅಮೆರಿಕದಲ್ಲಿ ಬಹುಕಾಲ ಸಂವಿಧಾನದ ಪ್ರಶ್ನೆಯಾಗಿಯೇ ನಡೆಯಿತು. 1996ರ ಕಲ್ಯಾಣ ಸುಧಾರಣಾ ಕಾಯ್ದೆಯ ‘ಚಾರಿಟಬಲ್ ಚಾಯ್ಸ್’ ವಿಧಿ ಇಂಥ ಸಂಸ್ಥೆಗಳು ತಮ್ಮ ಧಾರ್ಮಿಕ ಸ್ವರೂಪ ಬಿಟ್ಟುಕೊಡದೆ ಅನುದಾನ ಪಡೆಯಲು ಅವಕಾಶ ನೀಡಿತು. 2001ರಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಇದಕ್ಕಾಗಿ ಶ್ವೇತಭವನದಲ್ಲೇ ಕಚೇರಿಯೊಂದನ್ನು ತೆರೆದರು. ಧಾರ್ಮಿಕ ಸಂಸ್ಥೆಗಳ ಸೇವೆ ಹೆಚ್ಚು ಫಲಕಾರಿ ಎಂಬ ನಂಬಿಕೆ ಆ ನೀತಿಗೆ ಬಲ ಕೊಟ್ಟಿತ್ತು. ಆ ನಂಬಿಕೆಯನ್ನು ಪರೀಕ್ಷಿಸುವಾಗ ಯಾರನ್ನು ಎಣಿಸಬೇಕು ಎಂಬುದೇ ಈ ಲೇಖನದ ಪ್ರಶ್ನೆ.

ಟೆಕ್ಸಸ್‌ನ ‘ಇನ್ನರ್‌ಚೇಂಜ್’ ಕಾರ್ಯಕ್ರಮದ ಅಂಕಿಗಳನ್ನು ಇಲ್ಲಿ ಬಿಡಿಸಿ ನೋಡಬೇಕು. ಪ್ರಿಸನ್ ಫೆಲೋಶಿಪ್ ಎಂಬ ಕ್ರೈಸ್ತ ಸಂಸ್ಥೆ 1997ರಲ್ಲಿ ಹ್ಯೂಸ್ಟನ್ ಬಳಿಯ ಜೈಲೊಂದರಲ್ಲಿ ಇದನ್ನು ಆರಂಭಿಸಿತು. ಬೈಬಲ್ ಪಾಠ, ಕೆಲಸದ ತರಬೇತಿ, ಬಿಡುಗಡೆಯ ನಂತರವೂ ಮುಂದುವರಿಯುವ ಮಾರ್ಗದರ್ಶನ ಇದರ ಭಾಗಗಳಾಗಿದ್ದವು. ಜೈಲಿನ ಮಾಮೂಲು ಖರ್ಚು ಸರ್ಕಾರದ್ದು. 2003ರಲ್ಲಿ ಬೈರನ್ ಜಾನ್ಸನ್ ಮತ್ತು ಡೇವಿಡ್ ಲಾರ್ಸನ್ ಅವರ ಮೌಲ್ಯಮಾಪನ ವರದಿ ಪ್ರಕಟವಾಯಿತು. ಬಿಡುಗಡೆಯಾದ ಎರಡು ವರ್ಷಗಳಲ್ಲಿ, ಕಾರ್ಯಕ್ರಮ ಪೂರೈಸಿದವರ ಪೈಕಿ ಶೇ. 8ರಷ್ಟು ಜನ ಮಾತ್ರ ಮತ್ತೆ ಜೈಲು ಸೇರಿದ್ದರು. ಹೋಲಿಕೆಗೆ ತೆಗೆದುಕೊಂಡ ಇತರ ಕೈದಿಗಳಲ್ಲಿ ಈ ಪ್ರಮಾಣ ಶೇ. 20.3. ಸುದ್ದಿಯಾದದ್ದು ಈ ಅಂತರ.

ಕಾರ್ಯಕ್ರಮಕ್ಕೆ ಸೇರಿದವರು 177 ಮಂದಿ, ಪೂರೈಸಿದವರು 75. ಉಳಿದ 102 ಜನರಲ್ಲಿ 51 ಮಂದಿ ಅವಧಿಗೆ ಮುನ್ನವೇ ಪೆರೋಲ್ ಮೇಲೆ ಹೊರಬಂದಿದ್ದರು, 24 ಮಂದಿ ತಾವಾಗಿಯೇ ಬಿಟ್ಟಿದ್ದರು, ಮಿಕ್ಕವರನ್ನು ಅಶಿಸ್ತು ಮೊದಲಾದ ಕಾರಣಗಳಿಗೆ ಕೈಬಿಡಲಾಗಿತ್ತು. 177 ಜನರನ್ನೂ ಲೆಕ್ಕಕ್ಕೆ ಹಿಡಿದರೆ ಮರಳಿ ಜೈಲು ಸೇರಿದವರು ಶೇ. 24.3, ಅಂದರೆ ಹೋಲಿಕೆಯ ಗುಂಪಿಗಿಂತ ತುಸು ಹೆಚ್ಚೇ. ಮರುಬಂಧನಕ್ಕೊಳಗಾದವರ ಪ್ರಮಾಣವೂ ಶೇ. 36.2 ಮತ್ತು ಶೇ. 35, ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ‘ಪೂರೈಸಿದವರು’ ಎನಿಸಿಕೊಳ್ಳಲು ಬಿಡುಗಡೆಯ ನಂತರ ಉದ್ಯೋಗದಲ್ಲಿ ಉಳಿದಿರಬೇಕೆಂಬ ಷರತ್ತೂ ಇತ್ತು. ಕೆಲಸ ಹಿಡಿದು ನಿಂತವರನ್ನು ಆರಿಸಿಕೊಂಡ ಮೇಲೆ, ಅವರು ಮತ್ತೆ ಜೈಲಿಗೆ ಹೋಗಲಿಲ್ಲ ಎನ್ನುವುದರಿಂದ ಕಾರ್ಯಕ್ರಮದ ಬಗ್ಗೆ ಏನೂ ಸಾಬೀತಾಗದು. ಈ ದೋಷವನ್ನು ಸಾರ್ವಜನಿಕ ನೀತಿ ವಿದ್ವಾಂಸ ಮಾರ್ಕ್ ಕ್ಲೈಮನ್ ಅದೇ ವರ್ಷ ಎತ್ತಿ ತೋರಿಸಿದರು. ಎರಡೂ ಬಗೆಯ ಅಂಕಿಗಳು ವರದಿಯಲ್ಲೇ ಇದ್ದವು ಎಂಬುದನ್ನು ಸಂಶೋಧಕರ ಪರವಾಗಿ ಹೇಳಲೇಬೇಕು. ಪ್ರಚಾರಕ್ಕೆ ಒದಗಿದ್ದು ಮಾತ್ರ ಒಂದೇ.

ಇದರಿಂದ ಧಾರ್ಮಿಕ ಸೇವೆ ನಿಷ್ಫಲವೆಂದು ತೀರ್ಮಾನಿಸುವುದೂ ತಪ್ಪಾಗುತ್ತದೆ. ಇದೇ ಕಾರ್ಯಕ್ರಮ ಮಿನ್ನೆಸೋಟದಲ್ಲಿ ನಡೆದಾಗ, ಗ್ರಾಂಟ್ ಡ್ಯೂವಿ ಮತ್ತು ಮಿಷೆಲ್ ಕಿಂಗ್ ಅವರ ಅಧ್ಯಯನ ಮರುಅಪರಾಧ ಗಣನೀಯವಾಗಿ ತಗ್ಗಿದ್ದನ್ನು ಗುರುತಿಸಿತು. ಇಂಡಿಯಾನಾದಲ್ಲಿ ಶೀಲಾ ಕೆನಡಿ ಮತ್ತು ವೋಲ್ಫ್‌ಗ್ಯಾಂಗ್ ಬೀಲ್‌ಫೆಲ್ಡ್ ಉದ್ಯೋಗ ತರಬೇತಿ ಸಂಸ್ಥೆಗಳನ್ನು ಹೋಲಿಸಿದಾಗ, ಧಾರ್ಮಿಕ ಮತ್ತು ಧಾರ್ಮಿಕೇತರ ಸಂಸ್ಥೆಗಳೆರಡೂ ಕೆಲಸ ಕೊಡಿಸುವ ಪ್ರಮಾಣದಲ್ಲಿ ಸಮಸಮವಾಗಿದ್ದವು. ಆದರೆ ಧಾರ್ಮಿಕ ಸಂಸ್ಥೆಗಳ ಮೂಲಕ ಕೆಲಸ ಪಡೆದವರಿಗೆ ದುಡಿಮೆಯ ಗಂಟೆಗಳೂ ಆರೋಗ್ಯ ವಿಮೆಯ ಸೌಲಭ್ಯವೂ ಕಡಿಮೆ. ಕೆಲಸ ಸಿಕ್ಕಿತೇ ಎಂದಷ್ಟೇ ಕೇಳಿದ್ದರೆ ಈ ವ್ಯತ್ಯಾಸ ಗಮನಕ್ಕೇ ಬರುತ್ತಿರಲಿಲ್ಲ.

ಧಾರ್ಮಿಕೇತರ ಸಂಸ್ಥೆಗಳ ಲೆಕ್ಕವೂ ತಾನಾಗಿ ಶುದ್ಧವಾಗಿರುವುದಿಲ್ಲ. 1982ರ ಉದ್ಯೋಗ ತರಬೇತಿ ಕಾಯ್ದೆಯಡಿ, ಅಭ್ಯರ್ಥಿಯ ಹೆಸರನ್ನು ದಾಖಲೆಯಿಂದ ತೆಗೆಯುವ ದಿನದಂದು ಫಲಿತಾಂಶ ಅಳೆಯುತ್ತಿದ್ದರು. ಆ ದಿನವನ್ನು ಗೊತ್ತುಮಾಡುವ ಅಧಿಕಾರ ತರಬೇತಿ ಸಂಸ್ಥೆಗಳಿಗೇ ಇತ್ತು. ಅಂಕಿ ಚೆನ್ನಾಗಿ ಕಾಣುವಂತೆ ಅವು ಅದನ್ನು ಹಿಂದೆ ಮುಂದೆ ಮಾಡಿದ್ದನ್ನು ಪ್ಯಾಸ್ಕಲ್ ಕೂರ್ಟಿ ಮತ್ತು ಜೆರಾಲ್ಡ್ ಮಾರ್ಷ್ಕಿ ದಾಖಲಿಸಿದ್ದಾರೆ.

ಕರ್ನಾಟಕಕ್ಕೂ ಈ ಪ್ರಶ್ನೆ ದೂರದ್ದಲ್ಲ. ಬೆಂಗಳೂರಿನ ಇಸ್ಕಾನ್ ಬಳಗದಿಂದ 2000ದಲ್ಲಿ ಆರಂಭವಾದ ಅಕ್ಷಯ ಪಾತ್ರ ಸಂಸ್ಥೆ ಸರ್ಕಾರದ ಧಾನ್ಯ ಮತ್ತು ಅನುದಾನ ಪಡೆದು ಶಾಲೆಗಳಿಗೆ ಬಿಸಿಯೂಟ ಒದಗಿಸುತ್ತದೆ. ಪ್ರಾಥಮಿಕ ತರಗತಿಯ ಮಗುವಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕೆಂಬುದು ನಿಯಮ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡುಗೆಯ ಬಗ್ಗೆ 2019ರಲ್ಲಿ ವಿವಾದವೆದ್ದಾಗ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಊಟ ನಿಯಮಕ್ಕೆ ಅನುಗುಣವಾಗಿದೆ ಎಂದಿತು. ಮಕ್ಕಳು ಅದನ್ನು ಪೂರ್ತಿ ಉಣ್ಣುತ್ತಾರೆಯೇ ಎಂಬುದು ಆಹಾರ ಹಕ್ಕಿನ ಕಾರ್ಯಕರ್ತರ ಪ್ರಶ್ನೆಯಾಗಿತ್ತು. ನನ್ನ ಮಟ್ಟಿಗೆ ಮಾಪನದ ತಿರುಳು ಈ ಎರಡನೆಯ ಪ್ರಶ್ನೆಯಲ್ಲಿದೆ: ತಟ್ಟೆಗೆ ಬಡಿಸಿದ ಅನ್ನ, ಹೊಟ್ಟೆಗೆ ಹೋದ ಅನ್ನ ಎರಡನ್ನೂ ತೂಗಬೇಕು. ಶಾಲೆಯಲ್ಲೇ ಬಿಸಿಯೂಟ ತಯಾರಿಸುವ ಕಡೆಯೂ ಇದೇ ತೂಕ ಅನ್ವಯವಾಗಬೇಕು.

ಅನುದಾನದ ಒಪ್ಪಂದ ಬರೆಯುವ ಇಲಾಖೆಗಳು ಹಣ ಬಳಕೆ ಪ್ರಮಾಣಪತ್ರದಿಂದಲೇ ತೃಪ್ತಿಪಡಬಾರದು. ಸೇರಿದವರೆಷ್ಟು, ನಡುವೆ ಬಿಟ್ಟವರೆಷ್ಟು, ಬಿಟ್ಟವರು ಏನಾದರು ಎಂಬ ವಿವರವನ್ನು ಮಠವೇ ಇರಲಿ, ಸ್ವಯಂಸೇವಾ ಸಂಸ್ಥೆಯೇ ಇರಲಿ, ಸಮಾನವಾಗಿ ಕೇಳಬೇಕು. ಆ ಲೆಕ್ಕವನ್ನು ಹಣ ಪಡೆದವರಲ್ಲದೆ ಬೇರೆಯವರು ಪರಿಶೀಲಿಸಬೇಕು.