ಬರೆಯದ ಕಟ್ಟಳೆ



ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು. ಅಲ್ಲಿ ತುಂಗಭದ್ರೆಯ ದಡದ ಹರಿಹರೇಶ್ವರನ ಗುಡಿಯನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದನು. ಅಲ್ಲಿರುವ ಶಿಲಾಶಾಸನಗಳನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ದೇವರ ಸೇವೆಗೆ ಬಿಟ್ಟ ದತ್ತಿಯನ್ನು ಮುಂದಿನವರು ಮರೆಯಬಾರದೆಂದು ನಮ್ಮ ಹಿರಿಯರು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಸೂರ್ಯಚಂದ್ರರನ್ನು ಸಾಕ್ಷಿಗೆ ನಿಲ್ಲಿಸುತ್ತಿದ್ದರು. ಕಲ್ಲು ಉಳಿದಿದೆ. ಅದರಲ್ಲಿ ಬರೆದದ್ದನ್ನು ಓದಬಲ್ಲವರು ಇಂದು ಊರಿಗೆ ಎಷ್ಟು ಮಂದಿ?

ಇನ್ನು ದಾವಣಗೆರೆಗೆ ಬರೋಣ. ವೈಶಾಖ ಶುದ್ಧ ತದಿಗೆಯ ದಿನ ಊರೂರಲ್ಲಿ ಬಸವ ಜಯಂತಿ ನಡೆಯುತ್ತದೆ. ಹೀಗೆ ಜನರೆಲ್ಲ ಕೂಡಿ ಮಾಡುವ ಈ ಉತ್ಸವ ಶರಣರ ಕಾಲದಿಂದಲೇ ನಡೆದು ಬಂದದ್ದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಅದು ಮೊದಲಾದದ್ದು 1913ರಲ್ಲಿ, ಇದೇ ದಾವಣಗೆರೆಯ ವಿರಕ್ತಮಠದಲ್ಲಿ. ಮೃತ್ಯುಂಜಯ ಅಪ್ಪಗಳು ಮತ್ತು ಹರ್ಡೇಕರ ಮಂಜಪ್ಪನವರು ಕೂಡಿ ಅದನ್ನು ಆರಂಭಿಸಿದರು. ಅದಕ್ಕೆ ಎರಡು ವರುಷ ಮೊದಲು, 1911ರಲ್ಲಿ, ಅದೇ ಮಠದಲ್ಲಿ ಶ್ರಾವಣಮಾಸದ ಭಜನೆಗೂ ಅವರೇ ನಾಂದಿ ಹಾಡಿದ್ದರು. ಮಂಜಪ್ಪನವರು ಸ್ವದೇಶಿ ಚಳವಳಿಯ ಕಾಲದಲ್ಲಿ ಸರ್ಕಾರಿ ಶಾಲೆಯ ನೌಕರಿ ಬಿಟ್ಟು, 1906ರಲ್ಲಿ ದಾವಣಗೆರೆಯಿಂದ 'ಧನುರ್ಧಾರಿ' ಪತ್ರಿಕೆ ಹೊರಡಿಸಿದವರು. ಟಿಳಕರು ಪುಣೆಯಲ್ಲಿ ಗಣೇಶೋತ್ಸವವನ್ನು ಮನೆಯಿಂದ ಬೀದಿಗೆ ತಂದದ್ದನ್ನು ಬಲ್ಲವರು.

ಜಯಂತಿಯನ್ನು ಆಚರಿಸಲೇಬೇಕೆಂದು ಯಾವ ಆಗಮ ಹೇಳಿತ್ತು? ಯಾವ ಅರಸು ಅಪ್ಪಣೆ ಕೊಟ್ಟಿದ್ದ? ಯಾರೂ ಇಲ್ಲ. ಯಾವ ಪದ್ಧತಿಯೂ ಮೊದಲ ವರುಷ ಒಬ್ಬಿಬ್ಬರ ಹಟ. ಎರಡನೆಯ ವರುಷ "ಹೋದ ಸಲ ಮಾಡಿದ್ದೆವಲ್ಲ" ಎನ್ನುತ್ತಾರೆ. ಮೂರನೆಯ ವರುಷ ಬಿಟ್ಟರೆ ಏನೋ ತಪ್ಪಿದಂತಾಗುತ್ತದೆ. ಆ ಹೊತ್ತಿಗೆ ಹುಟ್ಟಿದ ಕೂಸಿಗೆ ಬುದ್ಧಿ ಬರುವಾಗ ಅದು ಯುಗಾದಿಯಷ್ಟೇ ಹಳೆಯದು! ಸರ್ಕಾರದ ರಜೆ ಬಂದದ್ದು ಜನ ಹಬ್ಬ ಮಾಡಿದ ಎಷ್ಟೋ ಕಾಲದ ಮೇಲೆ. ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ರಾಜ್ಯ ಸರ್ಕಾರ ಸಾರಿದ್ದು 2024ರಲ್ಲಿ.

ಹೀಗೆ ಒಳ್ಳೆಯದು ಬಂದ ಬಾಗಿಲಿನಿಂದಲೇ ಬೇರೆಯದೂ ಬರುತ್ತದೆ. ಹರಿಹರದ ದಾರಿಯ ಒಂದು ಹಳ್ಳಿಗೆ ನಾವು ಪ್ರವಚನಕ್ಕೆ ಹೋಗಿದ್ದೆವು. ಮಂಗಳವಾದ ಮೇಲೆ ಪ್ರಸಾದದ ಪಂಕ್ತಿ. ಗಂಡಸರೆಲ್ಲ ಉಂಡೆದ್ದ ಮೇಲೆಯೇ ತಾಯಂದಿರ ಸರದಿ. ಒಬ್ಬ ಮುದುಕಿ ನಮ್ಮ ಹತ್ತಿರ ಬಂದು, "ಬುದ್ಧೀ, ಇದು ಯಾವ ವಚನದಾಗೆ ಐತಿ?" ಎಂದು ಕೇಳಿದರು. ಊರ ಹಿರಿಯರು ಮುಂದೆ ಬಂದು, "ಮೊದಲಿನಿಂದಲೂ ಹೀಗೇ, ಬುದ್ಧೀ" ಎಂದರು. ಆ 'ಮೊದಲು' ಯಾವಾಗಿನದೆಂದು ವಿಚಾರಿಸಿದೆವು. ಹದಿನೈದು ವರುಷವೂ ಆಗಿರಲಿಲ್ಲ. ಒಂದು ಸುಗ್ಗಿಯಲ್ಲಿ ತಟ್ಟೆ ಸಾಲದೆ, ರಾತ್ರಿ ಕಣ ಕಾಯಲು ಹೋಗಬೇಕಾದವರನ್ನು ಮೊದಲು ಕೂರಿಸಿದ್ದರಂತೆ. ತಟ್ಟೆಗಳು ಬಂದವು, ಪದ್ಧತಿ ಮಾತ್ರ ಹೋಗಲಿಲ್ಲ. ಅಕ್ಕಮಹಾದೇವಿಯ ಮಾತನ್ನು ಇಡೀ ಅನುಭವ ಮಂಟಪ ಕೇಳಿತೆಂದು ಆಗತಾನೆ ಒಂದು ಗಂಟೆ ಹೇಳಿದ್ದ ನಾವು ಆ ರಾತ್ರಿ ಏನೂ ಹೇಳದೆ ಎದ್ದು ಬಂದೆವು. ಒಪ್ಪಿಕೊಳ್ಳಬೇಕಾದ ಮಾತು ಇದು.

ಮರುವರುಷ ಹೋದಾಗ ಆ ತಾಯಿ ನಾಲ್ಕು ಹೆಣ್ಣುಮಕ್ಕಳನ್ನು ಕರೆತಂದು ಮೊದಲ ಪಂಕ್ತಿಯಲ್ಲೇ ಕೂತಿದ್ದರು. ಬಡಿಸುವವರು ಸೌಟು ಹಿಡಿದು ನಮ್ಮ ಮುಖ ನೋಡಿದರು. "ಬಡಿಸಿರಪ್ಪ" ಎಂದೆವು. ಬಡಿಸಿದರು.