ಕಡಲ ತಳ ತಡಕಿದ ಹನ್ನೆರಡು ಹಕ್ಕಿಗಳು

ನೌಕಾಪಡೆ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದು ವಿಮಾನವಾಹಕ ಹಡಗು, ಜಲಾಂತರ್ಗಾಮಿ, ಕ್ಷಿಪಣಿ. ಈ ತಿಂಗಳು ನಾನು ಹೇಳಹೊರಟಿರುವುದು ಗಂಟೆಗೆ ಇಪ್ಪತ್ತು ಕಿಲೋಮೀಟರನ್ನೂ ಸರಿಯಾಗಿ ಓಡದ, ಫೈಬರ್‌ಗ್ಲಾಸ್‌ನಲ್ಲಿ ಮಾಡಿದ ಹಡಗುಗಳ ಕಥೆ. ಹೌದು, ಮಲ್ಪೆಯ ಕಡೆ ನೀವು ನೋಡಿರುವ ಮೀನುಗಾರಿಕೆಯ ಫೈಬರ್ ದೋಣಿಗಳ ದೊಡ್ಡಣ್ಣಂದಿರು. ಇವುಗಳ ಕೆಲಸ ಒಂದೇ: ದಡದ ಹತ್ತಿರದ ನೀರಿನಲ್ಲಿ ಶತ್ರು ಹುದುಗಿಸಿಟ್ಟ ಸ್ಫೋಟಕಗಳನ್ನು, ಅಂದರೆ ಮೈನುಗಳನ್ನು, ಒಂದೊಂದಾಗಿ ಹುಡುಕಿ ತೆಗೆಯುವುದು. ಅಮೆರಿಕದ ನೌಕಾಪಡೆಯಲ್ಲಿ ಇವಕ್ಕೆ ಆಸ್ಪ್ರೆ ವರ್ಗ ಎಂದು ಹೆಸರು.

ಇಂಥ ಹಡಗು ಯಾಕೆ ಬೇಕಾಯಿತು ಎಂದು ತಿಳಿಯಲು 1950ರ ಕೊರಿಯಾಕ್ಕೆ ಹೋಗೋಣ. ಆ ಅಕ್ಟೋಬರಿನಲ್ಲಿ ವೊನ್ಸಾನ್ ಬಂದರಿನಲ್ಲಿ ಸೈನ್ಯ ಇಳಿಸಲು ಸುಮಾರು 250 ಹಡಗುಗಳ ಪಡೆ ಹೊರಟಿತ್ತು. ಎದುರಾಳಿಗೆ ಹೇಳಿಕೊಳ್ಳುವಂಥ ನೌಕಾಪಡೆಯೇ ಇರಲಿಲ್ಲ. ಆದರೆ ಸಣ್ಣ ಸಣ್ಣ ನಾಡದೋಣಿಗಳಿಂದ ಸುಮಾರು 3,000 ಮೈನುಗಳನ್ನು ನೀರಿಗೆ ಬಿಟ್ಟಿದ್ದರು. ದಾರಿ ತೆರವು ಮಾಡಲು ಹೋದ ಪೈರೇಟ್ ಮತ್ತು ಪ್ಲೆಜ್ ಎಂಬ ಎರಡು ಹಡಗುಗಳು ಅಕ್ಟೋಬರ್ 12ರಂದು ಒಂದೇ ದಿನ ಮುಳುಗಿದವು. ಇಡೀ ಪಡೆ ಕಡಲಲ್ಲಿ ಹಿಂದಕ್ಕೂ ಮುಂದಕ್ಕೂ ಅಲೆಯುತ್ತಾ ಕಾಯಿತು. ಕೊನೆಗೆ ಸೈನಿಕರು ದಡ ಮುಟ್ಟುವ ಹೊತ್ತಿಗೆ ದಕ್ಷಿಣ ಕೊರಿಯಾದ ಸೈನ್ಯ ನೆಲದ ದಾರಿಯಲ್ಲಿ ಬಂದು ಊರನ್ನು ಹಿಡಿದಾಗಿತ್ತು. ಹಾಸ್ಯನಟ ಬಾಬ್ ಹೋಪ್ ಕೂಡ ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿ ಮನರಂಜನೆ ಕಾರ್ಯಕ್ರಮ ನಡೆಸುತ್ತಿದ್ದರಂತೆ!

ಇಷ್ಟಾದರೂ ಪಾಠ ಬಹಳ ದಿನ ನೆನಪಿರಲಿಲ್ಲ. 1987ರ ಜುಲೈನಲ್ಲಿ ಅಮೆರಿಕದ ಯುದ್ಧನೌಕೆಗಳು ಕೊಲ್ಲಿಯಲ್ಲಿ ಬ್ರಿಜ್‌ಟನ್ ಎಂಬ ತೈಲ ಹಡಗಿಗೆ ಬೆಂಗಾವಲಾಗಿ ಹೊರಟಿದ್ದವು. ತೈಲ ಹಡಗಿಗೇ ಮೈನ್ ತಗುಲಿತು. ಅದರ ಒಡಲು ದೊಡ್ಡದು, ಗಟ್ಟಿ, ಮುಳುಗಲಿಲ್ಲ. ಆಮೇಲೆ ಆದದ್ದು ನೋಡಿ: ಕಾಯಲು ಬಂದ ಯುದ್ಧನೌಕೆಗಳು ಸಾಲಾಗಿ ಆ ಗಾಯಗೊಂಡ ಹಡಗಿನ ಹಿಂದೆ ಸೇರಿಕೊಂಡವು. ಮುಂದಿನ ವರ್ಷ ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್ ಎಂಬ ಯುದ್ಧನೌಕೆಯ ಸರದಿ. ಅದಕ್ಕೆ ಬಡಿದ ಮೈನಿನ ಮೂಲ ವಿನ್ಯಾಸ 1908ರದು, ಬೆಲೆ ಸುಮಾರು 1,500 ಡಾಲರ್. ರಿಪೇರಿಗೆ ತಗುಲಿದ್ದು ಸುಮಾರು 9 ಕೋಟಿ ಡಾಲರ್.

ಆಸ್ಪ್ರೆ ವರ್ಗದ ಮೊದಲ ಹಡಗಿನ ಗುತ್ತಿಗೆ ಕೊಟ್ಟದ್ದೂ ಆ 1987ರಲ್ಲೇ. ಅಮೆರಿಕದಂಥ ದೇಶ ಇದರ ನಕ್ಷೆಯನ್ನು ಇಟಲಿಯಿಂದ ತರಬೇಕಾಯಿತು. ಇಟಲಿಯ ಇಂಟರ್‌ಮರೀನ್ ಕಂಪನಿಯ ಲೆರಿಚಿ ವರ್ಗವೇ ಮಾದರಿ. ಜಾರ್ಜಿಯಾ ರಾಜ್ಯದ ಸವಾನಾದಲ್ಲಿ ಎಂಟು, ಅವಂಡೇಲ್ ಕಂಪನಿಯಲ್ಲಿ ನಾಲ್ಕು, ಒಟ್ಟು ಹನ್ನೆರಡು ಕಟ್ಟಿದರು. ಮೊದಲನೆಯದು 1993ರಲ್ಲಿ ಸೇವೆಗೆ ಸೇರಿತು, ಕೊನೆಯದು 1999ರಲ್ಲಿ. ಎಲ್ಲಕ್ಕೂ ಹಕ್ಕಿಗಳ ಹೆಸರು. ಆಸ್ಪ್ರೆ ಎಂದರೆ ಮೀನು ಹಿಡಿಯುವ ಗಿಡುಗ. ಮಿಕ್ಕವುಗಳಲ್ಲಿ ನಮ್ಮ ಮಿಂಚುಳ್ಳಿ ಇದೆ, ನೀರುಕಾಗೆ ಇದೆ, ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಯೂ ಇದೆ. ಮನೆಯಲ್ಲಿ ಮಕ್ಕಳಿದ್ದರೆ ಕಿಂಗ್‌ಫಿಶರ್, ಕಾರ್ಮೊರಂಟ್, ಪೆಲಿಕನ್ ಎಂದು ಹೇಳಿ, ಯಾವುದು ಯಾವುದೆಂದು ಕನ್ನಡದಲ್ಲಿ ಕೇಳಿ ನೋಡಿ.

ಫೈಬರ್‌ಗ್ಲಾಸ್ ಯಾಕೆ? ಹಳೆಯ ಮೈನುಗಳು ಹಡಗು ಬಂದು ತಾಗಿದರೆ ಮಾತ್ರ ಸಿಡಿಯುತ್ತಿದ್ದವು. ಆಮೇಲಿನವು ಜಾಣ. ಉಕ್ಕಿನ ಹಡಗಿನ ಕಾಂತಶಕ್ತಿಯನ್ನು, ಎಂಜಿನ್ನಿನ ಸದ್ದನ್ನು, ಹಡಗು ಸಾಗುವಾಗ ನೀರಿನ ಒತ್ತಡದಲ್ಲಾಗುವ ಬದಲಾವಣೆಯನ್ನೂ ಗುರುತಿಸುತ್ತವೆ. ಅದಕ್ಕೇ ಬೇಟೆಗೆ ಹೋಗುವ ಹಡಗಿನಲ್ಲಿ ಕಬ್ಬಿಣದ ಅಂಶ ಆದಷ್ಟು ಕಡಿಮೆ ಇರಬೇಕು, ಸದ್ದು ಇನ್ನೂ ಕಡಿಮೆ. ಆಸ್ಪ್ರೆಯ ಎಂಜಿನ್‌ಗಳೇ ಕಾಂತಕ್ಕೆ ಸಿಗದ ಲೋಹದವು. ಹಡಗಿನ ಅಡಿಯಲ್ಲಿ ಸಾಮಾನ್ಯ ಪಂಖದ ಬದಲು, ಮೊಸರಿಗೆ ಇಳಿಬಿಟ್ಟ ಕಡೆಗೋಲಿನ ಹಾಗೆ ನೇರ ಕೆಳಗಿಳಿದ ಅಲಗುಗಳು ಸುತ್ತುತ್ತಿದ್ದವು. ಅಲಗುಗಳ ಓರೆ ಬದಲಿಸಿದರೆ ಸಾಕು, 57 ಮೀಟರ್ ಉದ್ದದ ಹಡಗು ಬೇಕಾದ ಕಡೆ ಸರಿಯುತ್ತಿತ್ತು, ನಿಂತ ಕಡೆಯೇ ನಿಲ್ಲುತ್ತಿತ್ತು.

ಇಲ್ಲಿ ಒಂದು ವ್ಯತ್ಯಾಸ ಹೇಳಬೇಕು. ಹಳೆಯ ಪದ್ಧತಿ ಗುಡಿಸುವುದು: ಹಡಗಿನ ಹಿಂದೆ ತಂತಿ ಎಳೆದುಕೊಂಡು ಹೋಗಿ, ತೇಲುವ ಮೈನುಗಳನ್ನು ಕಟ್ಟಿದ ಸರಪಳಿ ಕತ್ತರಿಸುವುದು. ತಳದಲ್ಲಿ ಮಲಗಿರುವ ಮೈನಿಗೆ ಅದು ನಾಟುವುದಿಲ್ಲ. ಅಲ್ಲಿಗೆ ಬೇಟೆಯೇ ಬೇಕು. ಕೇಬಲ್ಲಿನಲ್ಲಿ ಸೋನಾರ್ ಇಳಿಬಿಟ್ಟು, ಶಬ್ದದ ಅಲೆ ಕಳಿಸಿ, ತಳದಲ್ಲಿ ಏನಿದೆ ಎಂದು ನೋಡುತ್ತಾ ಹೋಗುವುದು. ಏನೇನಿರುತ್ತದೆ ಗೊತ್ತೆ? ಬಂಡೆ, ಹಳೆಯ ಟೈರು, ಎಣ್ಣೆ ಡ್ರಮ್ಮು, ಕಳೆದುಹೋದ ಲಂಗರು. ಪರದೆಯ ಮೇಲೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಥರದ ಕಲೆ. ಅನುಮಾನ ಬಂದ ಪ್ರತಿಯೊಂದರ ಹತ್ತಿರವೂ ಕ್ಯಾಮೆರಾ ಕಟ್ಟಿದ ಪುಟ್ಟ ಯಂತ್ರವನ್ನು ಕಳಿಸಿ, ಮೈನೇ ಆಗಿದ್ದರೆ ಪಕ್ಕದಲ್ಲಿ ಸಿಡಿಮದ್ದು ಇಟ್ಟು ಬರಬೇಕು. ಒಂದು ದಾರಿಗೆ ದಿನಗಟ್ಟಲೆ ಹಿಡಿಯುತ್ತದೆ. ಹಡಗಿನಲ್ಲಿದ್ದ ಐವತ್ತು ಚಿಲ್ಲರೆ ಜನರ ಮುಖ್ಯ ಆಯುಧ ತಾಳ್ಮೆಯೇ ಎನ್ನಬೇಕು.

ಈ ಹಕ್ಕಿಗಳಿಗೆ ನಿಜವಾದ ಪರೀಕ್ಷೆ ಬಂದದ್ದು 2003ರ ಮಾರ್ಚ್‌ನಲ್ಲಿ. ಯುದ್ಧ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಇರಾಕಿನ ಉಮ್ ಕಸರ್ ಬಂದರಿಗೆ ಆಹಾರ, ನೀರು, ಔಷಧ ತಲುಪಬೇಕಿತ್ತು. ಅಲ್ಲಿಗಿದ್ದ ದಾರಿ ಖೋರ್ ಅಬ್ದುಲ್ಲಾ ಎಂಬ ಕೆಸರು ನೀರಿನ ಕಿರಿದಾದ ಕಾಲುವೆ. ನಾಗರಿಕ ದೋಣಿಗಳಂತೆ ಕಾಣುತ್ತಿದ್ದ ಬಾರ್ಜುಗಳಲ್ಲಿ ಡ್ರಮ್‌ಗಳ ಮರೆಯಲ್ಲಿಟ್ಟ ಮೈನುಗಳು ಆಗಲೇ ಸಿಕ್ಕಿದ್ದವು. ಬಹರೇನ್‌ನಲ್ಲಿ ನೆಲೆಸಿದ್ದ ಕಾರ್ಡಿನಲ್ ಮತ್ತು ರೇವನ್ ಹಡಗುಗಳು, ಬ್ರಿಟಿಷ್ ಮೈನ್ ಹಡಗುಗಳು, ಮುಳುಗುಗಾರರು, ತರಬೇತಿ ಪಡೆದ ಡಾಲ್ಫಿನ್‌ಗಳು ಎಲ್ಲ ಸೇರಿ ಕಾಲುವೆಯನ್ನೂ ಬಂದರನ್ನೂ ತಡಕಿದರು. ಮಾರ್ಚ್ 28ರಂದು ಸರ್ ಗ್ಯಾಲಹಾಡ್ ಎಂಬ ಬ್ರಿಟಿಷ್ ಹಡಗು ನೆರವಿನ ಸಾಮಾನು ಹೊತ್ತು ಬಂದರಿಗೆ ಬಂದು ನಿಂತಿತು.

ಅಷ್ಟು ದುಡಿದ ಹಡಗುಗಳಿಗೆ ಸಿಕ್ಕ ಆಯಸ್ಸು ಎಷ್ಟು? 2007ರ ಹೊತ್ತಿಗೆ ಹನ್ನೆರಡನ್ನೂ ಸೇವೆಯಿಂದ ತೆಗೆದರು. ಕೆಲವಕ್ಕೆ ಹತ್ತು ವರ್ಷವೂ ತುಂಬಿರಲಿಲ್ಲ. ನಿಧಾನ, ದೂರದ ಪ್ರಯಾಣಕ್ಕೆ ಆಗದು ಎಂಬುದು ಅವುಗಳ ಮೇಲಿದ್ದ ದೂರು, ಸುಳ್ಳೇನಲ್ಲ. ಅವುಗಳ ಜಾಗಕ್ಕೆ ವೇಗದ ಹೊಸ ಹಡಗುಗಳೂ ಯಂತ್ರಚಾಲಿತ ಉಪಕರಣಗಳೂ ಬರುತ್ತವೆ ಎಂದರು. ಆ ಉಪಕರಣಗಳು ಬಳಕೆಗೆ ಸಿದ್ಧ ಎಂದು ಘೋಷಣೆಯಾದದ್ದು 2023ರಲ್ಲಿ. ಹದಿನಾರು ವರ್ಷ! ಮನೆ ಕೆಡವಿ ಆಮೇಲೆ ಇಟ್ಟಿಗೆ ಸುಡಲು ಹೊರಟ ಹಾಗಾಯಿತು ಎಂದರೆ ನೀವು ಒಪ್ಪುತ್ತೀರಿ ಅಂದುಕೊಳ್ಳುತ್ತೇನೆ. ಹಳೆಯವುಗಳಲ್ಲಿ ಎರಡು ಈಜಿಪ್ಟಿಗೆ, ಎರಡು ಗ್ರೀಸಿಗೆ, ಎರಡು ತೈವಾನಿಗೆ ಹೋದವು.

ನಮ್ಮ ಊರಿನ ಕಡೆಯೂ ಇದಕ್ಕೆ ಹತ್ತಿರದ ಕಥೆಯೊಂದಿದೆ. 1956ರಲ್ಲಿ ಭಾರತ ಬ್ರಿಟನ್ನಿನಿಂದ ಕೊಂಡ ನಾಲ್ಕು ಕರಾವಳಿ ಮೈನ್ ಗುಡಿಸುವ ಹಡಗುಗಳಲ್ಲಿ ಒಂದರ ಹೆಸರು ಕಾರವಾರ, ಒಡಲು ಮರದ್ದು. ಅದರ ನಂತರ 1986ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂದ ಹಡಗಿಗೂ ಕಾರವಾರ ಎಂದೇ ಹೆಸರಿಟ್ಟರು. ಅದು 2017ರಲ್ಲಿ ನಿವೃತ್ತಿಯಾಯಿತು. ಅದೇ ಬಗೆಯ ಕೊನೆಯ ಹಡಗು ಕೋಯಿಕ್ಕೋಡ್ 2019ರಲ್ಲಿ. ಬದಲಿಗೆ ಕಾರವಾರದ ಪಕ್ಕದಲ್ಲೇ ಇರುವ ಗೋವಾ ಶಿಪ್‌ಯಾರ್ಡಿನಲ್ಲಿ ಕೊರಿಯಾದ ಕಂಪನಿಯ ಜೊತೆಗೂಡಿ ಹೊಸ ಹಡಗು ಕಟ್ಟುವ ಮಾತುಕತೆ ವರ್ಷಗಟ್ಟಲೆ ನಡೆದಿತ್ತು. ಅದು 2018ರಲ್ಲಿ ಮುರಿದುಬಿತ್ತು. ಕಾರವಾರದಿಂದ ಕೆಳಗೆ ಅದೇ ಕರಾವಳಿಯಲ್ಲಿರುವ ಮಂಗಳೂರಿನ ತೈಲ ಶುದ್ಧೀಕರಣ ಘಟಕಕ್ಕೆ ಕಚ್ಚಾ ತೈಲ ಬರುವುದು ಕಡಲಿನ ದಾರಿಯಲ್ಲೇ.