ಏರಿದ್ದು ಇಳಿಯಿತೇ?

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಆಸ್ಪತ್ರೆಯಲ್ಲಿ ನ್ಯುಮೋನಿಯಾ ರೋಗಿಗಳಿಗೆ ಬರವಿರಲಿಲ್ಲ. ಪೆನಿಸಿಲಿನ್ ವೈದ್ಯರ ಕೈಗೆ ಸಿಗಲು ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ಕಾಲವಿತ್ತು. ಅಲ್ಲಿ ಆಸ್ವಾಲ್ಡ್ ಏವರಿಯ ಪ್ರಯೋಗಾಲಯದಲ್ಲಿದ್ದ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್, ನ್ಯುಮೊಕಾಕಸ್ ಬ್ಯಾಕ್ಟೀರಿಯಾದಿಂದ ತೆಗೆದ 'ಸಿ' ಎಂಬ ಅಂಶವನ್ನು ರೋಗಿಗಳ ಸೀರಮ್ಮಿಗೆ ಬೆರೆಸಿ ನೋಡುತ್ತಿದ್ದರು. ಜ್ವರ ಕಾಯುತ್ತಿದ್ದ ದಿನಗಳ ಸೀರಮ್ ಕದಡಿ ಗಷ್ಟು ಕಟ್ಟುತ್ತಿತ್ತು; ಜ್ವರ ಬಿಟ್ಟ ಮೇಲೆ ಅದೇ ರೋಗಿಯ ಸೀರಮ್ ತಿಳಿಯಾಗಿಯೇ ಉಳಿಯುತ್ತಿತ್ತು. ಪ್ರತಿಕಾಯಗಳ ಕೆಲಸವಾಗಿದ್ದರೆ ಇದು ತಿರುವುಮುರುವು ಆಗಬೇಕಿತ್ತು. ಗುಣವಾಗುತ್ತ ಬಂದಂತೆ ಅವು ಹೆಚ್ಚುತ್ತವೆಯೇ ಹೊರತು ಮಾಯವಾಗುವುದಿಲ್ಲ.

1941ರಲ್ಲಿ, ಸೀರಮ್ಮಿನಲ್ಲಿದ್ದು ಹೀಗೆ ಕದಡಿಸುತ್ತಿದ್ದ ವಸ್ತು ಒಂದು ಪ್ರೋಟೀನ್ ಎಂದು ಏವರಿಯ ಬಳಗ ತೋರಿಸಿತು. ಸಿ-ರಿಯಾಕ್ಟಿವ್ ಪ್ರೋಟೀನ್, ಕೋವಿಡ್ ಕಾಲದಲ್ಲಿ ನಮ್ಮ ಮನೆಮನೆಯ ಮಾತಾದ ಸಿಆರ್‌ಪಿ, ಇದೇ. ಅದನ್ನು 1947ರಲ್ಲಿ ಹರಳುಗಟ್ಟಿಸಿದ ಮ್ಯಾಕ್ಲಿನ್ ಮೆಕಾರ್ಟಿ, ಅದಕ್ಕೆ ಮೂರು ವರ್ಷ ಮೊದಲು ಏವರಿ ಮತ್ತು ಸಹೋದ್ಯೋಗಿ ಮೆಕ್ಲಿಯಡ್ ಜೊತೆ ಡಿಎನ್‌ಎಯೇ ಆನುವಂಶಿಕ ವಸ್ತು ಎಂಬುದಕ್ಕೆ ಸಾಕ್ಷ್ಯ ಒದಗಿಸಿದವನು. ಆ ಕೀರ್ತಿಯ ನೆರಳಿನಲ್ಲಿ ಈ ಹರಳುಗಳನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ಐವತ್ತರ ದಶಕದಲ್ಲಿ ವೈದ್ಯರು ಸಿಆರ್‌ಪಿಯನ್ನು ಮುಖ್ಯವಾಗಿ ರುಮ್ಯಾಟಿಕ್ ಜ್ವರದ ಪರೀಕ್ಷೆಗೆ ಬಳಸಿದರು. ಕೂದಲೆಳೆಯಷ್ಟು ಸಪೂರ ರಂಧ್ರದ ಗಾಜಿನ ಕೊಳವೆಗೆ ರೋಗಿಯ ಸೀರಮ್ ಮತ್ತು ಮೊಲದಿಂದ ತಯಾರಿಸಿದ ಪ್ರತಿಸೀರಮ್ ಏರಿಸಿ, ಕೆಳಗೆ ಕೂತ ಗಷ್ಟಿನ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಿದ್ದರು.

ಈ ಪರೀಕ್ಷೆ ಮುಂದೆ ಕರುಳಿನ ಆಪರೇಶನ್ ಮಾಡುವವರ ಕೈಗೂ ಬಂತು. ಕರುಳು ಹೊಲಿಯುವ ಕಸುಬಾದರೋ ಇದಕ್ಕಿಂತ ಎಷ್ಟೋ ಹಳೆಯದು. ಸುಶ್ರುತ ಸಂಹಿತೆಯಲ್ಲಿ ತೂತಾದ ಕರುಳಿನ ಅಂಚುಗಳನ್ನು ಕೂಡಿಸಿ ದೊಡ್ಡ ಕರಿ ಇರುವೆಗಳಿಂದ, ನಮ್ಮ ಗೊದ್ದದಂಥವುಗಳಿಂದ, ಕಚ್ಚಿಸುವ ವಿಧಾನವಿದೆ. ಕಚ್ಚಿ ಹಿಡಿದ ಮೇಲೆ ಮೈ ಕಿತ್ತು ತಲೆಯನ್ನು ಅಲ್ಲೇ ಬಿಡುವುದು. 1826ರಲ್ಲಿ ಪ್ಯಾರಿಸಿನ ಆಂಟ್ವಾನ್ ಲಾಂಬೇರ್ ಕರುಳಿನ ಹೊರಪದರಗಳು ಒಂದಕ್ಕೊಂದು ತಾಗುವಂತೆ ಹೊಲಿಯುವುದನ್ನು ಹೇಳಿಕೊಟ್ಟ. ಹೊಲಿಗೆ ಎಷ್ಟು ಸುಧಾರಿಸಿದರೂ ಒಂದು ಭಯ ಮಾತ್ರ ಸರ್ಜನ್ನರನ್ನು ಬಿಡಲಿಲ್ಲ. ಜೋಡಿಸಿದ ಜಾಗ ಸೋರಿದರೆ ಮಲ ಹೊಟ್ಟೆಯೊಳಗೆ ಹರಡಿ ನಂಜಾಗುತ್ತದೆ. ಜ್ವರ, ನಾಡಿಯ ವೇಗ, ಹೊಟ್ಟೆ ಉಬ್ಬರ ಎದ್ದು ಕಾಣುವಷ್ಟರಲ್ಲಿ ಎಷ್ಟೋ ಸಲ ಹೊತ್ತು ಮೀರಿರುತ್ತದೆ.

ಹಾಗಾದರೆ ಸಿಆರ್‌ಪಿ ನೋಡಬಾರದೇ? ಅಲ್ಲೇ ತೊಡಕು. ಕತ್ತಿ ಆಡಿಸಿದ್ದಕ್ಕೇ ಲಿವರ್ ಇದನ್ನು ರಕ್ತಕ್ಕೆ ಸುರಿಯುತ್ತದೆ. ಆರು ಗಂಟೆಗಳಲ್ಲಿ ಏರತೊಡಗಿ, ಎರಡು-ಮೂರನೇ ದಿನ ತುದಿ ಮುಟ್ಟುತ್ತದೆ. ಯಾವ ತೊಂದರೆಯೂ ಇಲ್ಲದವರಲ್ಲೂ ಲೀಟರಿಗೆ ನೂರು ಮಿಲಿಗ್ರಾಂ ದಾಟಬಹುದು. ಆದರೆ ರಕ್ತದಲ್ಲಿರುವ ಸಿಆರ್‌ಪಿ ಸುಮಾರು 19 ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಒಳಗೆ ಹೊಸ ಕಿಚ್ಚಿಲ್ಲದಿದ್ದರೆ ಮೂರನೇ ದಿನದ ನಂತರ ಅಂಕಿ ಇಳಿಯಲೇಬೇಕು. ಟಿಲೆಟ್ ಮತ್ತು ಫ್ರಾನ್ಸಿಸ್ ಕಂಡದ್ದೂ ಈ ಇಳಿತವನ್ನೇ.

ಈ ಇಳಿತಕ್ಕೆ ಬೆಲೆ ಬಂದದ್ದು ಆಸ್ಪತ್ರೆಯ ವಾಸ ಕಿರಿದಾದಾಗ. ತೊಂಬತ್ತರ ದಶಕದಲ್ಲಿ ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್, ಕರುಳಿನ ಆಪರೇಶನ್ ಆದವರಿಗೆ ಬೇಗ ಊಟ ಕೊಟ್ಟು, ಬೇಗ ನಡೆಸಿ, ಕೆಲವೇ ದಿನಗಳಲ್ಲಿ ಮನೆಗೆ ಕಳಿಸುವ ಪದ್ಧತಿ ತಂದರು. ಸೋರಿಕೆ ಗೊತ್ತಾಗುವ ಮೊದಲೇ ರೋಗಿ ಮನೆ ಸೇರಿಬಿಟ್ಟರೆ? 2014ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಏಳು ಅಧ್ಯಯನಗಳ 2,483 ರೋಗಿಗಳ ಲೆಕ್ಕ ಹಾಕಿ ಸಿಆರ್‌ಪಿಗೆ ಗಡಿಗಳನ್ನು ಕೊಟ್ಟಿತು: ಲೀಟರಿಗೆ ಮೂರನೇ ದಿನ 172, ನಾಲ್ಕನೇ ದಿನ 124, ಐದನೇ ದಿನ 144 ಮಿಲಿಗ್ರಾಂ. ಐದನೆಯದು ನಾಲ್ಕನೆಯದಕ್ಕಿಂತ ಹೆಚ್ಚೇಕೆ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೇರೆ ಬೇರೆ ಕಡೆಯ ಲೆಕ್ಕ ಕೂಡಿಸಿದಾಗ ಇಂಥ ಏರುಪೇರು ಇದ್ದದ್ದೇ. ಗಡಿಗಿಂತ ಕೆಳಗಿದ್ದವರಲ್ಲಿ ಶೇ. 97 ಮಂದಿಗೆ ಸೋರಿಕೆ ಇರಲಿಲ್ಲ. ಮೇಲಿದ್ದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗಷ್ಟೇ ಇತ್ತು.

1993ರಲ್ಲಿ ಫ್ರೆಂಚ್ ವೈದ್ಯರು ನಂಜಿನ ಗುರುತೆಂದು ತೋರಿಸಿದ ಪ್ರೊಕ್ಯಾಲ್ಸಿಟೋನಿನ್ ಕೂಡ ಈಗ ಕಣದಲ್ಲಿದೆ, ಆದರೆ ದುಬಾರಿ. ಸಿಆರ್‌ಪಿ ಇಳಿಯದಿದ್ದರೂ ತಕ್ಷಣ ಹೊಟ್ಟೆ ಬಿಚ್ಚುವುದಿಲ್ಲ. ಶ್ವಾಸಕೋಶದ ಸೋಂಕು, ಗಾಯದ ಕೀವೂ ಅದನ್ನು ಏರಿಸುತ್ತವೆ. ಡಿಸ್ಚಾರ್ಜ್ ಚೀಟಿ ತಡೆದು, ಮರುದಿನ ಮತ್ತೆ ರಕ್ತ ತೆಗೆದು, ಅನುಮಾನ ಉಳಿದರೆ ಸಿಟಿ ಸ್ಕ್ಯಾನಿಗೆ ಕಳಿಸುತ್ತಾರೆ.